ಆಮೇಲೆ ಸೇರಿಸಿದವನು

ಫೌಸ್ತಿನೊ ಸತ್ತಿದ್ದಾನೆಂದು ಸಾಬೀತು ಮಾಡುವುದಕ್ಕೆ ಎಪಿಫಾನಿಯಾ ಕಾಂಚಾರಿಗೆ ಮೂವತ್ತೈದು ವರ್ಷ ಹಿಡಿದಿತ್ತು. ಅವನು ಹುಟ್ಟಿದ್ದನೆಂದು ಸಾಬೀತು ಮಾಡುವ ಕೆಲಸ ಈಗ ಶುರುವಾಗಿತ್ತು.

ಎಲುಬುಗಳ ವಿಷಯದಲ್ಲಿ ಯಾರ ತಕರಾರೂ ಇರಲಿಲ್ಲ. ಉಚುಪಾತದ ಮೇಲಿನ ಗುಡ್ಡದಲ್ಲಿ ಅಗೆದ ಎರಡನೆಯ ಗುಂಡಿಯಲ್ಲಿ ಹನ್ನೊಂದು ಜನ ಒಬ್ಬರ ಮೇಲೊಬ್ಬರು ಮಲಗಿದ್ದರು. ಎಲುಬು ಪರೀಕ್ಷಿಸುವ ಬಿಳಿ ಅಂಗಿಯವರು ಅವಳಿದ್ದ ರಾಜಧಾನಿ ಲಿಮಾಕ್ಕೆ ಬಂದು, ಅವಳ ಕೆನ್ನೆಯೊಳಗೆ ಹತ್ತಿಯಿಂದ ಒರೆಸಿಕೊಂಡು ಹೋಗಿ, ಎರಡು ವರ್ಷದ ಮೇಲೆ ಬರೆದು ಕೊಟ್ಟರು: ಏಳನೆಯ ದೇಹ ನಿಮ್ಮ ಒಡಹುಟ್ಟಿದವನದು. ಎಡತೋಳಿನ ಎಲುಬು ಬಲಕ್ಕಿಂತ ದಪ್ಪ ಇದೆ, ಎಡಚನಾಗಿದ್ದನೇ ಎಂದು ಕೇಳಿದರು. ಹೌದು, ಎಡಚ. ಚಾರಂಗೊ ಎಂಬ ಪುಟ್ಟ ವಾದ್ಯವನ್ನು ತಂತಿ ತಿರುಗಿಸಿ ಕಟ್ಟಿಕೊಂಡು ಎಡಗೈಯಲ್ಲೇ ಮೀಟುತ್ತಿದ್ದ. ಸೈನಿಕರು ಅವನನ್ನು ಎಳೆದುಕೊಂಡು ಹೋದ ಬೆಳಿಗ್ಗೆಯೂ ಅವನ ಎಡಗೈ ಬೆರಳಿನ ಉಗುರುಗಳು ಉದ್ದ ಇದ್ದವು. ಆಗ ಅವನಿಗೆ ಇಪ್ಪತ್ತೆರಡು, ಇವಳಿಗೆ ಹದಿಮೂರು.

ತಕರಾರು ಇದ್ದದ್ದು ನೋಂದಣಿ ಕಚೇರಿಯ ಆರನೆಯ ಕಿಟಕಿಯಲ್ಲಿ. ಅಲ್ಲಿ ಸೆನ್ಯೋರ್ ಪಲೋಮಿನೊ ಎಂಬ ಗುಮಾಸ್ತ ಕೂತಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

“ನೋಡಿ ಅಮ್ಮಾ, ಈ ಎಲುಬು ನಿಮ್ಮಣ್ಣಂದು ಅಂತ ವಿಜ್ಞಾನ ಹೇಳುತ್ತೆ. ನಾನು ಒಪ್ತೀನಿ. ಆದ್ರೆ ನಿಮಗೆ ಫೌಸ್ತಿನೊ ಅಂತ ಒಬ್ಬ ಅಣ್ಣ ಇದ್ದ ಅಂತ ಯಾರು ಹೇಳ್ತಾರೆ?”

“ನಾನು ಹೇಳ್ತಿದ್ದೀನಲ್ಲ.”

“ನೀವು ಅರ್ಜಿದಾರರು. ಅರ್ಜಿದಾರರ ಮಾತು ಪುರಾವೆ ಆಗಲ್ಲ.”

ಹುಟ್ಟಿದ ದಾಖಲೆ ಇಲ್ಲದವನಿಗೆ ಸತ್ತ ದಾಖಲೆ ಕೊಡಲಾಗದು; ಸತ್ತ ದಾಖಲೆ ಇಲ್ಲದವನ ಎಲುಬನ್ನು ಒಪ್ಪಿಸಲಾಗದು. ಆಗಸ್ಟ್ ಹದಿನೇಳಕ್ಕೆ ವಾಮಂಗ ಪಟ್ಟಣದಲ್ಲಿ ನಲವತ್ತು ಮನೆಯವರಿಗೆ ಬಿಳಿ ಪೆಟ್ಟಿಗೆಗಳನ್ನು ಒಪ್ಪಿಸುವವರಿದ್ದರು. ಅಷ್ಟರೊಳಗೆ ಕಾಗದ ಬಂದರೆ ಫೌಸ್ತಿನೊ ಅವ್ವನ ಪಕ್ಕದ ಮಣ್ಣಿಗೆ ಹೋಗುತ್ತಾನೆ. ಬಾರದಿದ್ದರೆ ‘ಗುಂಡಿ ಎರಡು, ದೇಹ ಏಳು’ ಎಂಬ ಚೀಟಿ ಅಂಟಿಸಿಕೊಂಡು ರಟ್ಟಿನ ಪೆಟ್ಟಿಗೆಯಲ್ಲಿ ಕಪಾಟಿನ ಮೇಲೆ ಕೂರುತ್ತಾನೆ. ಮುಂದಿನ ಸರದಿ ಯಾವಾಗ ಎಂದು ಕೇಳಿದರೆ ಎಲ್ಲರೂ ಛಾವಣಿ ನೋಡುತ್ತಿದ್ದರು.

ಉಚುಪಾತದ ಜನನ ಮರಣದ ಪುಸ್ತಕಗಳನ್ನು ಮೊದಲು ಕ್ರಾಂತಿ ಎಂದು ಕೂಗುತ್ತ ಬಂದವರು ಸುಟ್ಟರು. ಉಳಿದ ಊರನ್ನು ಆಮೇಲೆ ದೇಶ ಎಂದು ಕೂಗುತ್ತ ಬಂದವರು ಸುಟ್ಟರು. ಊರಿನವರಿಗೆ ಇಬ್ಬರೂ ಒಂದೇ ಪೊಟ್ಟಣದ ಕಡ್ಡಿಗಳು. ಶಾಲೆಯ ಪಟ್ಟಿ, ಚರ್ಚಿನ ಪುಸ್ತಕ, ಎಲ್ಲ ಅದೇ ಬೂದಿಯಲ್ಲಿ. ಗುರುತಿನ ಚೀಟಿ ಮಾಡಿಸಲು ಆಗ ಎರಡು ದಿನದ ಕಾಲುದಾರಿ ಇತ್ತು. ಆಲೂಗಡ್ಡೆ ಅಗೆಯುವುದು ಬಿಟ್ಟು ತಾನು ಯಾರೆಂದು ಬರೆಸಿಕೊಂಡು ಬರಲು ಯಾರು ಹೋಗುತ್ತಾರೆ?

ಸಾಕ್ಷಿ ತನ್ನಿ ಎಂದ ಪಲೋಮಿನೊ. ಅವಳು ದೋನ್ ಸಾತುರ್ನಿನೊನನ್ನು ಕರೆತಂದಳು. ಸಾತುರ್ನಿನೊ ಪೊಮಾ ಅವಳ ಅಪ್ಪ ಅವ್ವನ ಕೊಂಪಾದ್ರೆ. ರಕ್ತದ ನಂಟಲ್ಲ, ಪಾದ್ರಿಯ ಮುಂದೆ ಮಾತು ಕೊಟ್ಟು ಕಟ್ಟಿಕೊಂಡ ನಂಟು, ರಕ್ತಕ್ಕಿಂತ ಬಿಗಿ. ಊರು ಸುಟ್ಟ ಮೇಲೆ ಅವನೂ ಲಿಮಾದಲ್ಲಿ ಅವಳು ನೆಲೆಸಿದ ಬೋಳುಗುಡ್ಡದ ಮೇಲೆಯೇ, ಅವಳ ಮನೆಯಿಂದ ಎಪ್ಪತ್ತು ಮೆಟ್ಟಿಲು ಕೆಳಗೆ, ತಗಡಿನ ಮಾಡಿನಡಿ ಇದ್ದ. ವಯಸ್ಸು ಎಂಬತ್ತಾರು. ಎಂಬತ್ತು ದಾಟಿದವರ ಸಾಕ್ಷಿಗೆ ಬುದ್ಧಿ ನೆಟ್ಟಗಿದೆ ಎಂದು ವೈದ್ಯರು ಬರೆದು ಕೊಡಬೇಕಂತೆ. ಕರೆದುಕೊಂಡು ಹೋದಳು. ಈಗ ದೇಶದ ಅಧ್ಯಕ್ಷರು ಯಾರು ಎಂದು ವೈದ್ಯ ಕೇಳಿದ. “ಯಾರನ್ನ ಕೇಳ್ತಿದ್ದೀರಿ ಡಾಕ್ಟರೇ, ಮೊನ್ನೆ ಇಳಿದೋರನ್ನೋ, ನೆನ್ನೆ ಏರಿದೋರನ್ನೋ, ಜೈಲಲ್ಲಿರೋರನ್ನೋ?” ಎಂದ ಮುದುಕ. ದೇಶದಲ್ಲಿ ಅದಕ್ಕಿಂತ ನೆಟ್ಟಗಿನ ಉತ್ತರ ಆ ವಾರ ಯಾರೂ ಕೊಟ್ಟಿರಲಾರರು. ವೈದ್ಯ ‘ಗೊಂದಲದ ಸ್ಥಿತಿ’ ಎಂದು ಬರೆದು ಮೊಹರು ಒತ್ತಿದ.

ಎಪಿಫಾನಿಯಾ ಬೆಳಿಗ್ಗೆ ಐದಕ್ಕೆ ಬಸ್ ನಿಲ್ದಾಣದ ಮೂಲೆಯಲ್ಲಿ ಗಾಡಿ ನಿಲ್ಲಿಸಿ ಬಾರ್ಲಿ, ಅಗಸೆಬೀಜದ ಬಿಸಿ ಕಷಾಯ ಮಾರುವವಳು. ನಿಂಬೆ ಹಿಂಡುತ್ತ, ಲೋಟ ತುಂಬುತ್ತ, ಇನ್ನೆಲ್ಲಿ ಅಣ್ಣನ ಹೆಸರು ಬರೆದಿದೆ, ಇನ್ನೆಲ್ಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹಲಗೆ. ತೊಲೆಹಲಗೆಯಲ್ಲಿದೆ.

ಉಚುಪಾತದಲ್ಲಿ ಹೊಸ ಮನೆಗೆ ಮಾಡು ಹೊದಿಸುವ ದಿನ ಕೊಂಪಾದ್ರೆ ಒಂದು ಹಲಗೆ ತರಬೇಕು. ಎರಡಾಳುದ್ದದ ಹಲಗೆ, ಅದರ ತುಂಬ ಮನೆಯವರು. ಕೊಳಲು ಡೋಲು ಊದಿಸಿ ಬಡಿಸಿಕೊಂಡು, ಮೆಕ್ಕೆಜೋಳದ ಹುಳಿಹೆಂಡ ಚಿಚಾದ ಕೊಡಗಳ ಜೊತೆ ಮೆರವಣಿಗೆಯಲ್ಲಿ ತಂದು, ಮಾಡಿನ ನಡುತೊಲೆಯ ಅಡಿಗೆ ಕಟ್ಟಬೇಕು. ಓದುವುದು ಕೆಳಗಿನಿಂದ ಮೇಲಕ್ಕೆ. ಎಲ್ಲಕ್ಕಿಂತ ಕೆಳಗೆ ಕೊಟ್ಟವನ ಹೆಸರು, ಅದರ ಮೇಲೆ ಮಾತೆ ಮರಿಯಾ, ಆಮೇಲೆ ಮನೆಯ ಗಂಡ ಹೆಂಡತಿ, ಮಕ್ಕಳು, ಅದರ ಮೇಲಿನ ಅಂತಸ್ತುಗಳಲ್ಲಿ ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರತ್ತೆ, ತುತ್ತತುದಿಗೆ ಸೂರ್ಯ. ಪ್ರತಿಯೊಬ್ಬರ ಕಾಲಡಿ ಹೆಸರು. ಯಾರನ್ನಾದರೂ ಬಿಟ್ಟರೆ ಅದು ಮರೆವಲ್ಲ, ಅವಮಾನ. ಬಿಟ್ಟವನು ಮತ್ತೆ ಬಣ್ಣ ಹಿಡಿದುಕೊಂಡು, ಚಿಚಾ ಹೊತ್ತುಕೊಂಡು ಬಂದು, ಬಿಟ್ಟುಹೋದವರನ್ನು ಸೇರಿಸಿಯೇ ಹೋಗಬೇಕು.

ಅವರ ಮನೆಗೆ ಮಾಡು ಹೊದಿಸಿದ್ದು 1975ರಲ್ಲಿ. ಹದಿನಾಲ್ಕರ ಫೌಸ್ತಿನೊ ಆ ತಿಂಗಳು ಕರಾವಳಿಗೆ ಹತ್ತಿ ಬಿಡಿಸಲು ಹೋಗಿದ್ದ. ಸಾತುರ್ನಿನೊ ಕಣ್ಣಿಗೆ ಕಂಡವರನ್ನೆಲ್ಲ ಬರೆದ. ಅಪ್ಪ, ಅವ್ವ, ಐದು ವರ್ಷದ ಎಪಿಫಾನಿಯಾ, ಅಜ್ಜಿ, ಅತ್ತೆ, ಕೊನೆಗೆ ನಾಯಿ. ಹಲಗೆ ಕಟ್ಟಿ ಎಲ್ಲರೂ ತಲೆಯೆತ್ತಿ ನೋಡಿದರು. ಅವ್ವ ಕೈಯಲ್ಲಿದ್ದ ಸೋರೆಬುರುಡೆಯ ಚಿಚಾವನ್ನು ನೆಲಕ್ಕೆ ಚೆಲ್ಲಿ, ಬುರುಡೆಯನ್ನು ಮಗುಚಿಟ್ಟಳು.

“ನಾಯಿಗೆ ಜಾಗ ಇತ್ತು, ನನ್ನ ಮಗನಿಗೆ ಇರ್ಲಿಲ್ವಾ ಕೊಂಪಾದ್ರೆ?”

ಮೂರನೆಯ ದಿನ ಸಾತುರ್ನಿನೊ ಎರಡು ಕೊಡ ಚಿಚಾ ಹೊತ್ತುಕೊಂಡು ಬಂದ. ಕಟ್ಟಿದ ಹಲಗೆಯನ್ನು ಬಿಚ್ಚುವಂತಿಲ್ಲ. ಏಣಿಯ ಮೇಲೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಕೋಳಿಗರಿಯಲ್ಲಿ, ಮೂರನೆಯ ಅಂತಸ್ತಿನ ಬಲಬದಿಯಲ್ಲಿದ್ದ ಕತ್ತಾಳೆ ಗಿಡದ ಮೇಲೆಯೇ ಫೌಸ್ತಿನೊನನ್ನು ಬರೆದ. ಬಣ್ಣ ಅವನ ಕಣ್ಣಿಗೇ ಇಳಿಯುತ್ತಿತ್ತು, ಚಿಚಾ ಆಗಲೇ ಹೊಟ್ಟೆಗೆ ಇಳಿದಿತ್ತು. ಗೆರೆ ನಡುಗಿತು. ಆದರೂ ಚಾರಂಗೊವನ್ನು ಎಡಗೈಗೆ ಕೊಡಲು ಮರೆಯಲಿಲ್ಲ. ಅಡಿಯಲ್ಲಿ ಬರೆದ: ಮಗ ಫೌಸ್ತಿನೊ.

ಊರು ಬಿಟ್ಟು ಓಡುವಾಗ ಅಪ್ಪ ಕಂಬಳಿ ಬಿಟ್ಟ, ಹಲಗೆ ಬಿಡಲಿಲ್ಲ. ಲಿಮಾದಲ್ಲಿ ಎರಡನೆಯ ಚಳಿಗಾಲಕ್ಕೆ ಒಬ್ಬ ಮೀಸೆಯ ಎಂಜಿನಿಯರು ಬಂದು ಆಹಾ ಓಹೋ ಎಂದು, ತಲೆಯ ಮೇಲೆ ಹೊದಿಸಲು ತಗಡು ಕೊಟ್ಟು ಹಲಗೆಯನ್ನು ಎತ್ತಿಕೊಂಡು ಹೋದ. ಎಂಜಿನಿಯರು ಸತ್ತ ಮೇಲೆ ಅವನ ಮನೆಯವರು ಅದನ್ನು ನಗರದ ದೊಡ್ಡ ವಸ್ತುಸಂಗ್ರಹಾಲಯಕ್ಕೆ ಕೊಟ್ಟರಂತೆ. ಹೀಗೆ ಮಾಡಿನಡಿ ಇರಬೇಕಾಗಿದ್ದದ್ದು ‘ಆಧುನಿಕ ಮತ್ತು ಸಮಕಾಲೀನ ಕಲೆ’ ಆಯಿತು.

ಹಲಗೆಯ ವಿಷಯ ಕೇಳಿ ಪಲೋಮಿನೊ ನಕ್ಕ. “ಚಿತ್ರ ಪುರಾವೆ ಆಗಲ್ಲ ಅಮ್ಮಾ. ಚಿತ್ರದಲ್ಲಿ ದೇವದೂತರೂ ಇರ್ತಾರೆ. ಅವರಿಗೆಲ್ಲ ನಾನು ಜನನಪತ್ರ ಕೊಡಕ್ಕಾಗುತ್ತಾ?” ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿ, ಸಂಗ್ರಹಾಲಯದವರು ಇಂಥ ವರ್ಷದ ಹಲಗೆಯ ಮೇಲೆ ಇಂಥ ಹೆಸರಿದೆ ಎಂದು ಮೊಹರು ಹಾಕಿ ಬರೆದು ಕೊಟ್ಟರೆ ನೋಡಬಹುದು ಎಂದ.

ಹೋದಳು. ಮೊದಲ ಸಲ ಸೋಮವಾರ, ಬಾಗಿಲು ಹಾಕಿತ್ತು. ಎರಡನೆಯ ಸಲ ಕಚೇರಿಯ ಬಾಗಿಲು ಹಿಂದಿನ ಬೀದಿಯಲ್ಲಿ ಎಂದರು. ಹಿಂದಿನ ಬೀದಿಯಲ್ಲಿ, ಮೊದಲೇ ಹೇಳಿಟ್ಟು ಬರಬೇಕು ಎಂದರು. ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಪಿಯಾನೊ. ಮೂರನೆಯ ಸಲ ಅವಳು ಯಾರನ್ನೂ ಕೇಳಲು ಹೋಗಲಿಲ್ಲ. ಟಿಕೆಟು ಕೊಂಡು ನೆಟ್ಟಗೆ ಒಳಗೆ ನಡೆದಳು.

ಮೂರು ನೀಲಿ ಪಟ್ಟೆ ಎಳೆದ ದೊಡ್ಡದೊಂದು ಬಟ್ಟೆ, ಗಾಜಿನೊಳಗೆ ಕಾಲು ಮುರಿದ ಕುರ್ಚಿ, ಅದರಾಚೆ, ಬೆಳ್ಳಗಿನ ಗೋಡೆಯ ಮೇಲೆ, ಅವಳ ಮನೆ. ಪಕ್ಕದ ಚೀಟಿಯಲ್ಲಿ ‘ಅನಾಮಿಕ’ ಎಂದಿತ್ತು. ಹಲಗೆಯ ಬುಡದಲ್ಲಿ ಗೇಣುದ್ದದ ಅಕ್ಷರದಲ್ಲಿ ‘ಕೊಂಪಾದ್ರೆ ಸಾತುರ್ನಿನೊ ಪೊಮಾನ ಪ್ರೀತಿಯ ಕಾಣಿಕೆ’ ಎಂದು ಬರೆದಿತ್ತು. ಇಷ್ಟು ಓದಿದವರ ಮನೆಯಲ್ಲಿ ಓದಲು ಯಾರಿಗೂ ಪುರುಸೊತ್ತಾಗಿರಲಿಲ್ಲ.

ಅವಳು ಗಾಳಿಯಲ್ಲಿ ಬೆರಳಾಡಿಸುತ್ತ ಕೆಳಗಿನಿಂದ ಓದತೊಡಗಿದಳು. ಮಾತೆ ಮರಿಯಾ. ಅದರ ಮೇಲೆ ಕದಿರು ಹಿಡಿದ ಅವ್ವ, ನೇಗಿಲು ಹಿಡಿದ ಅಪ್ಪ. ಮೂರನೆಯ ಅಂತಸ್ತಿನಲ್ಲಿ ಕೆಂಪು ಲಂಗದ ಪುಟ್ಟ ಎಪಿಫಾನಿಯಾ. ಅವಳ ಬಲಕ್ಕೆ ಕತ್ತಾಳೆ ಗಿಡ. ಹಸಿರಾಗಿ, ಸೊಂಪಾಗಿ, ಏಳು ಎಲೆ, ಒಂದೊಂದು ಮುಳ್ಳೂ ಎಣಿಸುವಂತೆ. ಬಲಮೂಲೆಯ ತುದಿಗೆ ನಾಯಿ. ಮತ್ತೆ ಕೆಳಗಿನಿಂದ ಶುರು ಮಾಡಿದಳು. ಅಂತಸ್ತು ತಪ್ಪಿ ಎಣಿಸಿದೆನೇನೋ ಎಂದು ಸೂರ್ಯನವರೆಗೂ ಹೋಗಿ ಬಂದಳು. ನಾಯಿ ಇತ್ತು. ಕತ್ತಾಳೆ ಇತ್ತು. ಫೌಸ್ತಿನೊ ಇರಲಿಲ್ಲ.

“ಗೆರೆ ದಾಟಬೇಡಿ ಸೆನ್ಯೋರಾ,” ಎಂದಳು ಕಾವಲಿನ ಹುಡುಗಿ.

“ಇಲ್ಲಿದ್ದವನು ಎಲ್ಲಿ ಹೋದ?”

“ಇಲ್ಲಿಂದ ಏನೂ ಕಳೆದುಹೋಗಲ್ಲ ಸೆನ್ಯೋರಾ. ಎಲ್ಲ ಕಡೆ ಕ್ಯಾಮರಾ ಇದೆ.”

ಎಪಿಫಾನಿಯಾ ಗೆರೆಯ ಈಚೆಗೇ ನೆಲದ ಮೇಲೆ ಕೂತಳು. ಉತ್ತರ ಕೊಡುವವರು ಬರುವ ತನಕ ಏಳುವುದಿಲ್ಲ ಎಂದಳು. ಏಳಿ ಎಂದರು, ಕುಡಿಯಲು ನೀರು ಬೇಕೇ ಎಂದರು, ಪೊಲೀಸರನ್ನು ಕರೆಯುತ್ತೇವೆ ಎಂದರು. ಶಾಲೆಯ ಮಕ್ಕಳ ಒಂದು ಗುಂಪು ಬಂದು, ಇವಳೂ ಕಲೆಯ ಭಾಗವೆಂದುಕೊಂಡು ಸುತ್ತ ನಿಂತು ನೋಡಿ ಮುಂದಕ್ಕೆ ಹೋಯಿತು. ಅರ್ಧ ಗಂಟೆಯ ಮೇಲೆ, ಚಿತ್ರಗಳನ್ನು ದುರಸ್ತಿ ಮಾಡುವ ವಿಭಾಗದ ಮುಖ್ಯಸ್ಥೆ ಹಿಮೆನಾ ಬಂದಳು. ಬಿಳಿ ಅಂಗಿ, ಕೊರಳಿಗೆ ತೂಗುಹಾಕಿದ ಕನ್ನಡಕ, ಮಲಗಿದ ಮಗುವನ್ನು ಎಬ್ಬಿಸದಂಥ ದನಿ. ಮೇಜಿನ ಹಿಂದೆ ಕೂರುವವರೆಲ್ಲ ಲಿಮಾದಲ್ಲಿ ಡಾಕ್ಟರೇ ಆದ್ದರಿಂದ ಎಪಿಫಾನಿಯಾ ಡಾಕ್ಟರೇ ಎಂದೇ ಕರೆದಳು. ಇಲ್ಲೊಬ್ಬ ಹುಡುಗ ಇದ್ದ, ಕೈಯಲ್ಲಿ ಚಾರಂಗೊ ಇತ್ತು ಎಂದಳು.

ಹಿಮೆನಾಳ ಮುಖ ಅರಳಿತು. ಅದನ್ನು ಗಮನಿಸಿದವರು ಇದುವರೆಗೆ ಯಾರೂ ಇರಲಿಲ್ಲವೇನೋ.

“ಓ, ಅದಾ! ಅದು ಮೂಲಚಿತ್ರದ ಭಾಗ ಅಲ್ಲ ಸೆನ್ಯೋರಾ. ಆಮೇಲೆ ಸೇರಿಸಿದ್ದು. ನೇರಳಾತೀತ ಬೆಳಕು ಹಾಯಿಸಿದ್ರೆ ಸ್ಪಷ್ಟವಾಗಿ ಗೊತ್ತಾಗುತ್ತೆ. ಗೆರೆಯೆಲ್ಲ ನಡುಗಿದೆ, ಬಣ್ಣ ಸೋರಿದೆ, ವಾದ್ಯ ಹಿಡಿದಿರೋದೂ ತಿರುಗಾಮುರುಗಾ. ಅಡಿಯಲ್ಲಿ ಎಂಥಾ ಚೆಂದದ ಕತ್ತಾಳೆ ಇತ್ತು ಗೊತ್ತಾ? ಆರು ತಿಂಗಳು ಕೂತು ಅದನ್ನ ಹೊರಗೆ ತಂದ್ವಿ.”

“ಅವನು ಎಡಚ.”

“ಏನಂದ್ರಿ?”

“ತಿರುಗಾಮುರುಗಾ ಅಲ್ಲ. ನನ್ನಣ್ಣ ಎಡಚ.” ಎಪಿಫಾನಿಯಾ ನೆಲದಿಂದ ಎದ್ದಳು. “ನಿಮಗೆ ಕತ್ತಾಳೆ ಬೇಕಿತ್ತು ಅಂದ್ರೆ ನಮ್ಮೂರ ಗುಡ್ಡದ ತುಂಬ ಅದೇ ಇದೆ ಡಾಕ್ಟರೇ. ಹೇಳಿ ಕಳಿಸಿದ್ರೆ ಒಂದು ಲಾರಿ ತುಂಬಿ ಕಳಿಸ್ತಿದ್ದೆ. ಅದಕ್ಕೋಸ್ಕರ ಹುಡುಗನ್ನ ಯಾಕೆ ತೆಗೆದ್ರಿ?”

ಹಿಮೆನಾ ಕನ್ನಡಕ ಹಾಕಿಕೊಂಡಳು, ತೆಗೆದಳು. ಕಲಾವಿದನ ಮೂಲ ಉದ್ದೇಶವನ್ನು ಗೌರವಿಸುವುದು ತಮ್ಮ ಧರ್ಮ ಎಂದು ಶುರು ಮಾಡಿದಳು. ಆ ಕಲಾವಿದ ನನ್ನ ಮನೆಯಿಂದ ಎಪ್ಪತ್ತು ಮೆಟ್ಟಿಲು ಕೆಳಗಿದ್ದಾನೆ, ಉದ್ದೇಶ ಏನೆಂದು ಬಂದು ಕೇಳಬಹುದಿತ್ತು ಎಂದಳು ಎಪಿಫಾನಿಯಾ. ಚೀಟಿಯಲ್ಲಿ ಅನಾಮಿಕ ಎಂದಿದೆಯಲ್ಲ ಎಂದಳು ಹಿಮೆನಾ, ಚೀಟಿಯನ್ನು ತಾವೇ ಬರೆದದ್ದೆಂಬುದು ಮರೆತು. ಎಪಿಫಾನಿಯಾ ಹಲಗೆಯ ಬುಡದತ್ತ ಬೆರಳು ತೋರಿಸಿದಳು. ಹಿಮೆನಾ ಬಗ್ಗಿ ಓದಿದಳು. ಎದ್ದು ನಿಂತಾಗ ಅವಳ ದನಿ ಇನ್ನೂ ಸಣ್ಣದಾಗಿತ್ತು.

“ತೆಗೆದಿದ್ದನ್ನ ಎಲ್ಲಿಟ್ಟಿದ್ದೀರಿ?” ಎಂದು ಕೇಳಿದಳು ಎಪಿಫಾನಿಯಾ.

“ಎಲ್ಲಿ ಅಂದ್ರೆ... ಅದು ಹತ್ತಿಯಲ್ಲಿ ಒರೆಸಿ ತೆಗೆಯೋದು ಸೆನ್ಯೋರಾ. ಹತ್ತಿ ಇಟ್ಕೊಳ್ಳಲ್ಲ.”

ಆ ವರ್ಷ ಅವನು ಹೋಗಿದ್ದು ಹತ್ತಿ ಬಿಡಿಸಲು. ಅವನನ್ನು ಕಂಡುಹಿಡಿದದ್ದು ಹತ್ತಿಯಿಂದ. ಒರೆಸಿ ಎಸೆದದ್ದೂ ಹತ್ತಿಯಲ್ಲೇ. ಎಪಿಫಾನಿಯಾ ಬಾಗಿಲ ಕಡೆ ತಿರುಗಿದಳು. ಕಾಗದಕ್ಕಾಗಿ ಬಂದವಳು ಅವಳು. ಹಲಗೆಯ ಮೇಲೆ ಇಲ್ಲದ ಹೆಸರು ಹಲಗೆಯ ಮೇಲಿದೆ ಎಂದು ಯಾರು ಬರೆದುಕೊಡುತ್ತಾರೆ? ಬಂದೂಕಿನವರು ಒಮ್ಮೆ ತೆಗೆದರು, ಬೆಂಕಿಯವರು ಒಮ್ಮೆ, ಈಗ ಬಿಳಿ ಅಂಗಿಯವರು ಇಷ್ಟು ನಯವಾಗಿ, ಇಷ್ಟು ಪ್ರೀತಿಯಿಂದ, ಆರು ತಿಂಗಳು ಕೂತು.

“ಎಲ್ಲ ದಾಖಲೆ ಇದೆ,” ಎಂದಳು ಹಿಮೆನಾ, ಸಮಾಧಾನಕ್ಕೆಂಬಂತೆ. “ತೆಗೆಯೋಕೆ ಮುಂಚೆ ಫೋಟೊ, ಅಳತೆ, ಅಕ್ಷರ, ಎಲ್ಲ ವರದಿಯಲ್ಲಿದೆ. ದಾಖಲೆ ಮಾಡದೆ ನಾವು ಏನನ್ನೂ ಮುಟ್ಟಲ್ಲ.”

ಎಪಿಫಾನಿಯಾ ಹೊರಟವಳು ನಿಂತಳು. “ಮೊಹರು ಇದ್ಯಾ ಅದರಲ್ಲಿ?”

ಇತ್ತು. ನಿರ್ದೇಶಕರ ಸಹಿಯೂ ಇತ್ತು. ಆದರೆ ಪ್ರತಿ ಬೇಕಾದರೆ ಅರ್ಜಿ ಕೊಡಬೇಕು. ಕೊಟ್ಟಳು. ‘ಉದ್ದೇಶ’ ಎಂಬ ಅಂಗುಲದ ಖಾನೆಯಲ್ಲಿ ‘ಅಣ್ಣ’ ಎಂದು ಬರೆದಳು. ಎಂಟು ದಿನದ ಮೇಲೆ ‘ಉದ್ದೇಶ ಸ್ಪಷ್ಟವಿಲ್ಲ’ ಎಂದು ಅರ್ಜಿ ಹಿಂತಿರುಗಿತು. ‘ಹೂಳುವುದಕ್ಕೆ’ ಎಂದು ಬರೆದಳು. ಸಂಶೋಧಕರಿಗೆ ಮಾತ್ರ ಎಂದು ಹಿಂತಿರುಗಿತು. ಜುಲೈ ಮುಗಿಯುತ್ತಿತ್ತು. ಮೂರನೆಯ ಸಲ ಅವಳು ಖಾನೆಯಲ್ಲಿ ಏನು ಬರೆದಳೆಂದು ಇಲ್ಲಿ ಹೇಳುವಂತಿಲ್ಲ. ಅದು ಅವಳೂರಿನ ಕೆಚುವಾ ಭಾಷೆಯಲ್ಲಿತ್ತು, ಅವ್ವ ಕೇಳಿದ್ದರೆ ಬಾಯಿಗೆ ಬೂದಿ ಹಾಕುತ್ತಿದ್ದಳು.

ಅದಾದ ಮೂರನೆಯ ಬೆಳಿಗ್ಗೆ, ಬಸ್ ನಿಲ್ದಾಣದ ಮಂಜಿನಲ್ಲಿ, ಕಷಾಯದ ಸಾಲಿನ ಕೊನೆಯಲ್ಲಿ ಹಿಮೆನಾ ನಿಂತಿದ್ದಳು. ಅರ್ಜಿಯಲ್ಲಿದ್ದ ವಿಳಾಸ ಹಿಡಿದು, ಗುಡ್ಡ ಹತ್ತಿ, ಅಲ್ಲಿ ಕೇಳಿ, ಮತ್ತೆ ಇಳಿದು ಬಂದಿದ್ದಳು. ಬೂಟಿನ ತುಂಬ ಧೂಳು. ವರದಿಯ ಪ್ರತಿಯಿದ್ದ ಲಕೋಟೆಯೊಂದನ್ನು ಗಾಡಿಯ ಮೇಲಿಟ್ಟಳು. ಎಪ್ಪತ್ತು ಮೆಟ್ಟಿಲು ಕೆಳಗಿನ ಮನೆಯ ಕಲಾವಿದರನ್ನೂ ನೋಡಿ ಬಂದೆ ಎಂದಳು. ಚೀಟಿ ಬದಲಿಸುತ್ತೇವೆ, ಹುಡುಗನನ್ನು ಮತ್ತೆ ಬರೆಸಲು ಆಗುತ್ತದೆಯೇ ಎಂದು ಸಮಿತಿಗೆ ಕೇಳಿದ್ದೇನೆ, ಎರಡು ವರ್ಷವಾದರೂ ಹಿಡಿಯಬಹುದು ಎಂದಳು.

“ತೆಗೆಯೋಕೆ ಆರು ತಿಂಗಳು, ಹಾಕೋಕೆ ಎರಡು ವರ್ಷ,” ಎಂದಳು ಎಪಿಫಾನಿಯಾ. ಕಷಾಯ ಬಗ್ಗಿಸಿ ಕೊಟ್ಟಳು. ನಿಂಬೆ ಮಾತ್ರ ಒಂದು ಹೋಳು ಹೆಚ್ಚಿಗೆ ಹಿಂಡಿದಳು. ಸಿಟ್ಟಿಗೋ ಮರ್ಯಾದೆಗೋ ಅವಳಿಗೇ ತಿಳಿಯದು.

ಅವತ್ತೇ ಆರನೆಯ ಕಿಟಕಿಗೆ ಹೋದಳು. ಪಲೋಮಿನೊ ಹದಿನಾಲ್ಕು ಪುಟಗಳನ್ನು ಒಂದೊಂದಾಗಿ ತಿರುವಿ, ಒಂಬತ್ತನೆಯ ಪುಟದಲ್ಲಿ ನಿಂತು, ಪಕ್ಕದ ಕಿಟಕಿಯವನಿಗೂ ಕೇಳಿಸುವಂತೆ ಓದಿದ. “‘ಮೂರನೇ ಅಂತಸ್ತಿನ ಬಲಬದಿಗೆ ಯುವಕನೊಬ್ಬನ ಆಕೃತಿ. ಅಡಿಯಲ್ಲಿ ಬರಹ: ಮಗ ಫೌಸ್ತಿನೊ. ಒಟ್ಟು ಚಿತ್ರದ ಅಂದಕ್ಕೆ ಕುಂದು ತರುವ ಈ ಸೇರ್ಪಡೆಯನ್ನು ಪೂರ್ತಿಯಾಗಿ ತೆಗೆದುಹಾಕಲಾಗಿದೆ.’ ಸಹಿ ಇದೆ, ಮೊಹರು ಇದೆ, ಫೋಟೊ ಇದೆ. ಅಪ್ಪ ಅಮ್ಮನ ಹೆಸರು ಕೆಳಗಿನ ಅಂತಸ್ತಲ್ಲೇ ಇದೆ.” ತಲೆಯೆತ್ತಿದ. ಅವನ ಮುಖದ ತುಂಬ ನಿಜವಾದ ಸಂತೋಷ. “ಇದನ್ನ ಮೊದಲೇ ತರಬಾರದಿತ್ತಾ ಅಮ್ಮಾ? ಸುಮ್ಮನೆ ಅಷ್ಟು ಓಡಾಡಿದ್ರಿ.”

ಎಪಿಫಾನಿಯಾ ಕಿಟಕಿಯ ಕಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಅವನಿದ್ದ ಎಂದು ಅವಳು ಹೇಳಿದಾಗ ಪುರಾವೆ ಇರಲಿಲ್ಲ. ಅವನಿದ್ದ ಎಂದು ಹಲಗೆ ಹೇಳಿದಾಗ ಅದು ಚಿತ್ರ. ಅವನನ್ನು ಒರೆಸಿಹಾಕಿದ್ದೇವೆ ಎಂದು ಮೊಹರು ಒತ್ತಿ ಹೇಳಿದ ಮೇಲೆ ಮಾತ್ರ ಅವನು ಇದ್ದವನಾದ. ಹುಟ್ಟಿಸಿದವರ ಮಾತನ್ನು ಈ ಸರ್ಕಾರ ಎಂದೂ ನಂಬುವುದಿಲ್ಲ. ಅಳಿಸಿದವರ ಮಾತನ್ನು ಕಣ್ಣು ಮುಚ್ಚಿ ನಂಬುತ್ತದೆ. ತನ್ನ ಕಸುಬು ತನಗೆ ಗುರುತು ಸಿಗದೇ ಇರುತ್ತದೆಯೇ?

ಪಲೋಮಿನೊ ಬರೆಯುತ್ತಿದ್ದ. ಅವನ ಪೆನ್ನು ನಿಲ್ಲದಿರಲಿ ಎಂದು ಅವಳು ಬಾಯಿ ಬಿಗಿಹಿಡಿದು ನಿಂತಳು.

ಆಗಸ್ಟ್ ಹದಿನೇಳರ ಬೆಳಿಗ್ಗೆ ವಾಮಂಗದ ಒಂದು ದೊಡ್ಡ ಕೋಣೆಯಲ್ಲಿ ನಲವತ್ತು 
ಬಿಳಿ ಪೆಟ್ಟಿಗೆಗಳು ಮೇಜುಗಳ ಮೇಲೆ ಸಾಲಾಗಿದ್ದವು, ಮಕ್ಕಳ ಪೆಟ್ಟಿಗೆಯಷ್ಟು ಚಿಕ್ಕವು. ಎಲುಬಿಗೆ ಎಷ್ಟು ಜಾಗ ಬೇಕು? ಮನೆಯವರು ಒಳಗೆ ಹೊಸ ಅಂಗಿ, ಉಣ್ಣೆಯ ಟೋಪಿ, ಕೋಕಾ ಎಲೆ ಇಡುತ್ತಿದ್ದರು. ಎಪಿಫಾನಿಯಾ ಹೊಸ ತಂತಿಯ ಒಂದು ಸುರುಳಿ ಇಟ್ಟಳು. ಅವಳ ಜೊತೆ ಬಸ್ಸಿನಲ್ಲಿ ಹತ್ತು ಗಂಟೆ ಕೂತು ಬಂದಿದ್ದ ಸಾತುರ್ನಿನೊ, ಗೋಡೆಗೆ ಒರಗಿಸಿದ್ದ ಮುಚ್ಚಳವನ್ನು ಎಳೆದು ತೊಡೆಯ ಮೇಲೆ ಮಗುಚಿ ಹಾಕಿಕೊಂಡ. ಜೋಳದ ಸಿಪ್ಪೆಯಲ್ಲಿ ಸುತ್ತಿ ತಂದಿದ್ದ ಮಣ್ಣಿನ ಬಣ್ಣಗಳನ್ನು ಬಿಚ್ಚಿದ. ಕೋಳಿಗರಿ ಅವನ ಟೋಪಿಯಲ್ಲೇ ಇತ್ತು.

ಕೊರಳಿಗೆ ಗುರುತುಪಟ್ಟಿ ನೇತುಹಾಕಿಕೊಂಡ ಅಧಿಕಾರಿಯೊಬ್ಬ ಓಡಿ ಬಂದ. ಪೆಟ್ಟಿಗೆಯ ಮೇಲೆ ಏನೂ ಬರೆಯುವಂತಿಲ್ಲ, ಎಲ್ಲವೂ ಒಂದೇ ತರಹ ಇರಬೇಕು ಎಂದ.

“ಮೇಲೆ ಯಾರು ಬರೀತಾರೆ ಸ್ವಾಮಿ?” ಎಂದ ಸಾತುರ್ನಿನೊ. “ಒಳಗೆ ಬರೀತೀನಿ. ನೀವು ನೋಡಂಗಿಲ್ಲ, ಒರೆಸಂಗಿಲ್ಲ.”

ಒಳಮೈಯ ಬಗ್ಗೆ ನಿಯಮ ಇದೆಯೇ ಎಂದು ಕೇಳಿಕೊಂಡು ಬರಲು ಅಧಿಕಾರಿ ಹೋದ. ಮುದುಕ ಮುಚ್ಚಳಕ್ಕೆ ಮೂಗು ತಾಗುವಷ್ಟು ಬಗ್ಗಿದ. ಅವನ ಒಂದು ಕಣ್ಣು ಪೂರ್ತಿ ಬೆಳ್ಳಗಾಗಿತ್ತು.

“ಟೋಪಿ ಹೆಂಗಿತ್ತವ್ವಾ ಅವನದು? ಕಿವಿ ಮುಚ್ಚೋದಾ, ದುಂಡಂದಾ?”

ಅವಳಿಗೆ ನೆನಪಾಗಲಿಲ್ಲ. ಮೂವತ್ತೈದು ವರ್ಷ ಅವನ ಹೆಸರನ್ನೇ ಹೊತ್ತು ತಿರುಗಿದವಳಿಗೆ ಟೋಪಿ ಎಲ್ಲೋ ಜಾರಿಹೋಗಿತ್ತು. ಚೀಲದಿಂದ ವರದಿ ತೆಗೆದು ಒಂಬತ್ತನೆಯ ಪುಟ ಬಿಡಿಸಿ ಅವನ ಒಳ್ಳೆಯ ಕಣ್ಣಿನ ಹತ್ತಿರ ಹಿಡಿದಳು. ಸಾತುರ್ನಿನೊ ಬಹಳ ಹೊತ್ತು ನೋಡಿದ.

“ಥೂ. ಯಾವನಿದು ಬರ್ದಿದ್ದು? ಮೂಗು ನೋಡು, ಆಲೂಗಡ್ಡೆ ಇದ್ದಂಗೈತೆ.”

“ನೀನೇ ತಾತ.”

“ನಾನಾ?” ಮತ್ತೆ ನೋಡಿದ. “ಏಣಿ ಮೇಲೆ ನಿಂತು ಬರ್ದಿದ್ದು ಕಣವ್ವಾ. ಕೆಳಗೆ ನಿಮ್ಮವ್ವ ಏಣಿ ಅಲ್ಲಾಡಿಸ್ತಾ ಬೈತಿದ್ಲು. ಯಾರಿಗೆ ಆದ್ರೂ ಕೈ ನಡುಗ್ತದೆ.”

ಕೈ ಈಗಲೂ ನಡುಗುತ್ತಿತ್ತು. ಗೆರೆ ಅಡ್ಡಾದಿಡ್ಡಿ ಹೋಗಿ, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಮುಂದಕ್ಕೆ ಹೋಯಿತು. ದುಂಡು ಟೋಪಿ. ಆಲೂಗಡ್ಡೆ ಮೂಗು, ಹಿಂದಿನದಕ್ಕಿಂತ ದೊಡ್ಡದು. ಚಾರಂಗೊ ಎಡಗೈಗೆ. ಅವಳು ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದಿದ್ದ ಚಿಚಾ ಕೊಟ್ಟಳು. ಕುಡಿದು, ಇದು ಚಿಚಾ ಅಲ್ಲ ಪಾತ್ರೆ ತೊಳೆದ ನೀರು, ಲಿಮಾದವರಿಗೆ ಜೋಳ ಹುಳಿ ಹಾಕುವುದೂ ಮರೆತುಹೋಗಿದೆ ಎಂದು ಗೊಣಗಿ, ಬಾಟಲಿ ಖಾಲಿ ಮಾಡಿದ. ಆಮೇಲೆ ಅಕ್ಷರ ಬರೆದ. ಪಕ್ಕದಲ್ಲಿ ಅಂಗೈಯಗಲ ಜಾಗ ಉಳಿದಿತ್ತು.

“ಏನು ಮಾಡ್ಲಿ ಇಲ್ಲಿ?”

“ನಾಯಿ ಬರಿ ತಾತ,” ಎಂದಳು ಎಪಿಫಾನಿಯಾ. “ಈ ಸಲ ಅವನಾದ ಮೇಲೆ ನಾಯಿ.”

ನಾಯಿಯ ಮೂರನೆಯ ಕಾಲು ಬರೆಯುತ್ತಿದ್ದಾಗ ಅಧಿಕಾರಿ ಹಿಂತಿರುಗಿ ಬಂದ. ನಿಯಮ ಸಿಕ್ಕಿರಲಿಲ್ಲವೇನೋ, ಅದರ ಮಾತೆತ್ತಲಿಲ್ಲ. ಕೈಯಲ್ಲಿದ್ದ ಪಟ್ಟಿ ನೋಡಿ, “ಗುಂಡಿ ಎರಡು, ದೇಹ...” ಎಂದವನು ತಡೆದು, ಸಾಲಿನ ಮೇಲೆ ಬೆರಳು ಸರಿಸಿ, “ಫೌಸ್ತಿನೊ ಕಾಂಚಾರಿ” ಎಂದು ಓದಿದ. ಮೆರವಣಿಗೆ ಹೊರಟಿದೆ, ಪಾದ್ರಿ ಕಾಯುತ್ತಿದ್ದಾರೆ, ಮಂತ್ರಿಗಳ ಕಾರು ಬಂದಾಗಿದೆ, ಬೇಗ ಮುಚ್ಚಳ ಹಾಕಿ ಎಂದ.

ಎಪಿಫಾನಿಯಾ ಮುಚ್ಚಳದ ಮೇಲೆ ಬಗ್ಗಿ ಉಫ್ ಎಂದು ಊದಿದಳು.

“ಬಣ್ಣ ಇನ್ನೂ ಹಸಿ ಇದೆ,” ಎಂದಳು, ಅವನ ಕಡೆ ತಿರುಗದೆಯೇ. “ಕಾಯ್ಲಿ.”